ಮುಗಿಯದ ಕಥೆಗಳ ವ್ಯಾಪಾರ

ಫ್ಯಾಂಟಸಿ ಕಾದಂಬರಿಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳನ್ನು ಒಂದು ಮಾತು ಕೇಳಬೇಕೆನಿಸಿದೆ. ಒಂದೇ ಪುಸ್ತಕದಲ್ಲಿ ಆರಂಭವಾಗಿ ಅದರಲ್ಲಿಯೇ ಮುಗಿಯುವ ಕೃತಿ ಈ ಪ್ರಕಾರದಲ್ಲಿ ಏಕಿಷ್ಟು ಅಪರೂಪ? ಕಲ್ಪಿತ ಲೋಕವನ್ನು ಕಟ್ಟಲು ಮೂರು ಸಂಪುಟಗಳಾದರೂ ಬೇಕೆಂಬ ಸಮರ್ಥನೆಯನ್ನು ನಾನು ಒಪ್ಪಲಾರೆ.

ಈ ವಾದಕ್ಕೆ ಟೋಲ್ಕಿನ್ ಅವರನ್ನು ಸಾಕ್ಷಿಗೆ ಕರೆಯುವುದುಂಟು. ಆದರೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅವರ ದೃಷ್ಟಿಯಲ್ಲಿ ಒಂದೇ ಕಾದಂಬರಿ. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಾಗದ ದುಬಾರಿಯಾಗಿದ್ದುದರಿಂದ ಪ್ರಕಾಶಕರು ಅದನ್ನು 1954-55ರಲ್ಲಿ ಮೂರು ಭಾಗಗಳಾಗಿ ಹೊರತಂದರು. ಕಾಗದದ ಲೆಕ್ಕಾಚಾರವೇ ಮುಂದೆ ಸಾಹಿತ್ಯಸೂತ್ರವಾಗಿಬಿಟ್ಟಿತು! (ವ್ಯಾಕರಣ ಕಲಿಸಿದವನಿಗೆ ಅಪವಾದವು ನಿಯಮವಾಗುವುದು ಹೊಸದಲ್ಲ, ಬಿಡಿ.)

ಫಲವನ್ನು ನೋಡಿ. ರಾಬರ್ಟ್ ಜೋರ್ಡನ್ 1990ರಲ್ಲಿ ಆರಂಭಿಸಿದ ‘ದಿ ವೀಲ್ ಆಫ್ ಟೈಮ್’ ಮುಗಿಯುವ ಮೊದಲೇ, 2007ರಲ್ಲಿ, ತೀರಿಕೊಂಡರು. ಹದಿನಾಲ್ಕನೆಯ ಸಂಪುಟದೊಡನೆ 2013ರಲ್ಲಿ ಅದನ್ನು ಮುಗಿಸಿದವರು ಬ್ರಾಂಡನ್ ಸ್ಯಾಂಡರ್‌ಸನ್. ಜಾರ್ಜ್ ಮಾರ್ಟಿನ್ ಮೂರು ಸಂಪುಟಗಳೆಂದು ಯೋಜಿಸಿದ್ದು ಏಳಕ್ಕೆ ಬೆಳೆಯಿತು. ಐದನೆಯದು 2011ರಲ್ಲಿ ಬಂತು; ಅನಂತರ ಹತ್ತು ವರ್ಷ ಕಳೆದರೂ ಆರನೆಯದು ಬರಲಿಲ್ಲ. ಈ ನಡುವೆ ಎಷ್ಟು ಮಂದಿ ಓದುಗರು ಅಂತ್ಯವನ್ನು ಕಾಣದೆಯೇ ಹೊರಟುಹೋದರೋ! ಪ್ರಕಾಶಕರಿಗೇನು, ಮೊದಲನೆಯದನ್ನು ಕೊಂಡವನು ಎರಡನೆಯದಕ್ಕೂ ಸಿದ್ಧ ಗಿರಾಕಿ.

ಒಂದರಲ್ಲಿಯೇ ಮುಗಿಸಲು ಸಾಧ್ಯವಿಲ್ಲವೇ? ಸುಸಾನಾ ಕ್ಲಾರ್ಕ್ 2020ರ ‘ಪಿರನೇಸಿ’ಯಲ್ಲಿ ಸಾಲು ಸಾಲು ಪ್ರತಿಮೆಗಳಿರುವ, ಒಳಗೇ ಸಮುದ್ರ ಉಕ್ಕುವ, ಕೊನೆಯೇ ಇಲ್ಲದ ಮನೆಯೊಂದನ್ನು ಮುನ್ನೂರಕ್ಕೂ ಕಡಿಮೆ ಪುಟಗಳಲ್ಲಿ ಕಟ್ಟಿದರು. 2021ರ ವಿಮೆನ್ಸ್ ಪ್ರೈಜ್ ಆ ಪುಟ್ಟ ಪುಸ್ತಕಕ್ಕೇ ಸಂದಿತು.

ಆದುದರಿಂದ ನನಗೆ ಪುಸ್ತಕ ಕಳುಹಿಸುವ ಪ್ರಿಯರೇ, ಮುಖಪುಟದ ಮೇಲೆ ‘ಮೊದಲನೆಯ ಭಾಗ’ ಎಂದಿದ್ದರೆ ದಯವಿಟ್ಟು ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬಿಡಿ. ಅರವತ್ತು ದಾಟಿದವನಿಗೆ ಐದನೆಯ ಭಾಗಕ್ಕೆ ಕಾಯುವಷ್ಟು ವ್ಯವಧಾನವಿಲ್ಲ.