ಹುಳುಮನೆಯ ವಿದ್ಯುತ್ ಬೀಸಣಿಗೆಯೂ ಅದರ ಹತೋಟಿಯೂ

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಬಂದುದು ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ವಿದಿತವಾದ ಸಂಗತಿಯೇ. ಆ ಗಣಿಗಳು 2001ರಲ್ಲಿ ಮುಚ್ಚಿದುವು. ವಿದ್ಯುಚ್ಛಕ್ತಿಯಾದರೋ ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೇಷ್ಮೆ ಹುಳುಮನೆಗಳಲ್ಲಿ ಬೀಸಣಿಗೆಗಳನ್ನು ತಿರುಗಿಸುತ್ತಿದೆ. ಬೀಸಣಿಗೆಯನ್ನು ಕೊಳ್ಳುವುದರಲ್ಲಿರುವ ಉತ್ಸಾಹವು ಅದನ್ನು ಹತೋಟಿಯಲ್ಲಿಡುವುದರಲ್ಲಿ ಕಾಣದೆಂಬುದು ನನ್ನ ಅಭಿಪ್ರಾಯ.

ಗಾಳಿಯು ಹೆಚ್ಚಿದಷ್ಟೂ ಮೇಲೆಂದು ಕೆಲವರು ವಾದಿಸುವರು. ಇದು ಸರಿಯಲ್ಲ. ಬೀಸಣಿಗೆಯು ಗಾಳಿಯನ್ನು ಆಡಿಸಬಲ್ಲುದೇ ಹೊರತು ತಾನಾಗಿ ತಂಪು ಮಾಡಲಾರದು. ತಂಪಿಗೆ ಕಿಟಕಿಯ ಒದ್ದೆ ಗೋಣಿತಾಟೇ ಬೇಕು. ದೊಡ್ಡ ಹುಳುಗಳಿಗೆ ಸುಮಾರು 24, 25 ಡಿಗ್ರಿ ಸೆಂಟಿಗ್ರೇಡ್ ಶಾಖವೂ, ನೂರಕ್ಕೆ 70ರ ಸುತ್ತಿನ ತೇವವೂ ಹಿತಕರ. ಬೇಸಗೆಯ ಒಣಹವೆಯಲ್ಲಿ ಪೂರ್ಣ ವೇಗದಿಂದ ಬೀಸಿದರೆ ಸೊಪ್ಪು ಬಾಡುವುದು. ಬಾಡಿದ ಸೊಪ್ಪನ್ನು ಹುಳು ಸರಿಯಾಗಿ ತಿನ್ನದು. ಗೂಡಿನ ತೂಕವು ತಗ್ಗುವುದು. ಗಾಳಿಯೇ ಆಡದಿದ್ದರೆ ಹಾಸಿಗೆಯ ಆವಿ ನಿಂತು ರೋಗಕ್ಕೆ ಎಡೆಯಾಗುವುದು. ಹಣ್ಣುಹುಳು ಚಂದ್ರಿಕೆಗೆ ಏರಿದ ಮೇಲೆ ತೇವವು ಹೊರಹೋಗಬೇಕು, ಆದರೆ ರಭಸದ ಗಾಳಿ ತಗುಲಕೂಡದು. ಹೀಗೆ ಹೊತ್ತುಹೊತ್ತಿಗೆ ವೇಗವನ್ನು ಬದಲಿಸಬೇಕಾಗಿರುವಾಗ ನಿಯಂತ್ರಕವನ್ನು ಅನಾವಶ್ಯಕ ವೆಚ್ಚವೆನ್ನುವುದು ಹೇಗೆ?

ವೆಚ್ಚದ ಲೆಕ್ಕವೂ ಹತೋಟಿಯ ಪರವಾಗಿಯೇ ಇದೆ. ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುವುದು. ಬೀಸಲು ಬೇಕಾದ ಶಕ್ತಿಯಾದರೋ ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುವುದು. ಎಲೆಕ್ಟ್ರಾನಿಕ್ ಮೋಟಾರಿನ ಬೀಸಣಿಗೆಗಳಲ್ಲಿ ಈ ಉಳಿತಾಯದ ಬಹುಭಾಗವು ಕೈಸೇರುವುದು. ಹಳೆಯ ಸುರುಳಿಯ ರೆಗ್ಯುಲೇಟರು ಅದರಲ್ಲಿ ಒಂದು ಪಾಲನ್ನು ಶಾಖವಾಗಿ ಕಳೆಯುವುದು.

ಚಾಲನೆಯ ವಿಷಯವು ಇನ್ನೂ ಮುಖ್ಯವಾದುದು. ಕೊಳವೆಬಾವಿಯ ಮೋಟಾರು ನೇರವಾಗಿ ಹೊರಡುವಾಗ, ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟನ್ನು ಎಳೆಯುವುದು. ನಿಂತ ಕರೆಂಟು ಮರಳಿದೊಡನೆ ಊರಿನ ಆಟೋ ಸ್ಟಾರ್ಟರುಗಳೆಲ್ಲವೂ ಒಮ್ಮೆಗೇ ಹಿಡಿದರೆ ವೋಲ್ಟೇಜು ಕುಸಿಯುವುದು. ಬೀಸಣಿಗೆಯು ತಿರುಗದೆ ಗುಂಯ್‌ಗುಡುತ್ತ ಕಾಯುವುದು. ಕೊನೆಯ ಜ್ವರ ಕಳೆದು ಹುಳು ಮೇಯುವ ದಿನಗಳ ನಡುಹಗಲಿನಲ್ಲಿ ಹೀಗಾದರೆ ತಿಂಗಳ ದುಡಿಮೆಯೇ ಅಪಾಯಕ್ಕೊಳಗಾಗುವುದು.

ಆದುದರಿಂದ ನಾನು ಸೂಚಿಸುವುದಿಷ್ಟು. ಸಾಧಾರಣ ಬೀಸಣಿಗೆಯನ್ನು ಹೆಚ್ಚಿನ ವೇಗದಲ್ಲಿ ಹೊರಡಿಸಿ, ಬಳಿಕ ವೇಗವನ್ನು ತಗ್ಗಿಸತಕ್ಕದ್ದು. ಎಲೆಕ್ಟ್ರಾನಿಕ್ ಬೀಸಣಿಗೆಯು ತಾನಾಗಿ ಮೆಲ್ಲನೆ ಹೊರಡುವುದು. ಅದಕ್ಕೆ ಹಳೆಯ ರೆಗ್ಯುಲೇಟರನ್ನು ಎಂದಿಗೂ ಜೋಡಿಸಕೂಡದು. ಮೂರು ಫೇಸಿನ ದೊಡ್ಡ ಬೀಸಣಿಗೆಗೆ ಒಂದು ಫೇಸು ತಪ್ಪಿದಾಗ ಮೋಟಾರನ್ನು ನಿಲ್ಲಿಸುವ ರಕ್ಷಣೆ ಇರಲೇಬೇಕು. ಹಲವು ಬೀಸಣಿಗೆಗಳಿದ್ದಲ್ಲಿ ಒಂದರ ಹಿಂದೊಂದು ಹೊರಡುವಂತೆ ಟೈಮರಿನ ಏರ್ಪಾಡಾಗಬೇಕು.

ಒಬ್ಬನ ವಿವೇಕದಿಂದ ಮಾತ್ರ ಇದು ಸಾಗದು. ಒಂದೊಂದು ಟ್ರಾನ್ಸ್‌ಫಾರ್ಮರಿಗೆ ಸೇರಿದವರು ಕಲೆತು, ಕರೆಂಟು ಬಂದೊಡನೆ ಹುಳುಮನೆಗಳು, ಆಮೇಲೆ ಕೆಲವು ನಿಮಿಷಗಳ ಅಂತರದಲ್ಲಿ ಒಬ್ಬೊಬ್ಬರ ಪಂಪು ಎಂದು ಸರದಿಯನ್ನು ಗೊತ್ತುಮಾಡಿಕೊಳ್ಳಬೇಕು. ಕೆರೆಯ ನೀರಿಗೆ ಸರದಿಯನ್ನು ಕಟ್ಟಿಕೊಂಡು ಬಾಳಿದ ಊರುಗಳಿಗೆ ಇದು ಹೊಸ ವಿದ್ಯೆಯಲ್ಲ. ಮುಖಂಡರು ಮುಂದಾಗಿ ಬರುವ ಬೇಸಗೆಯೊಳಗಾಗಿ ಈ ಏರ್ಪಾಡನ್ನು ಮಾಡಿಸುವರೆಂದು ನಂಬಿರುತ್ತೇನೆ.