ಒಂದೇ ಕಂಪ್ಯೂಟರ್, ಇಬ್ಬರು ವಿದ್ಯಾರ್ಥಿಗಳು: ಕೋರ್ಸ್ ಬಿಡೋರು ಕಡಿಮೆಯಾದದ್ದು ಹೇಗೆ?

ಲ್ಯಾಬಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸ್ತಾರೆ ಅಂದ್ರೆ ಪೋಷಕರಿಗೆ ಸಿಟ್ಟು ಬರುತ್ತೆ. 'ಪೂರ್ತಿ ಫೀಸು ತಗೊಂಡು ಅರ್ಧ ಕಂಪ್ಯೂಟರ್ ಕೊಡ್ತಾರಾ?' ಅಂತ ಕೇಳ್ತಾರೆ. ಆದರೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಬೇಕಂತಲೇ ಹೀಗೆ ಕೂರಿಸಿ ನೋಡಿದ್ದಾರೆ. ಮಕ್ಕಳನ್ನು ಬಿಸಿಎಗೆ ಸೇರಿಸಿರೋ ನಮ್ಮವರೂ ಅದರ ಫಲಿತಾಂಶ ತಿಳಿದುಕೊಳ್ಳಬೇಕು.

ಈ ಪದ್ಧತಿಯ ಹೆಸರು ಪೇರ್ ಪ್ರೋಗ್ರಾಮಿಂಗ್. ಕೀಬೋರ್ಡ್ ಹಿಡಿದು ಬರೆಯುವವರು 'ಡ್ರೈವರ್'. ಪಕ್ಕದಲ್ಲಿ ಕೂತು ಪ್ರತಿ ಸಾಲಿನ ತಪ್ಪು ಹಿಡಿದು, ಮುಂದೇನು ಅಂತ ಯೋಚಿಸುವವರು 'ನ್ಯಾವಿಗೇಟರ್'. ಅಂಗಡಿಯಲ್ಲಿ ಒಬ್ಬರು ಬಿಲ್ ಬರೆಯುವಾಗ ಇನ್ನೊಬ್ಬರು ಸಾಮಾನು ತಾಳೆ ನೋಡಿದ ಹಾಗೆ. ಆಗಾಗ ಇಬ್ಬರೂ ಜಾಗ ಅದಲುಬದಲು ಮಾಡ್ಕೋಬೇಕು, ಇದೇ ಮುಖ್ಯ ನಿಯಮ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ ಚಾರ್ಲಿ ಮೆಕ್‌ಡೊವೆಲ್, ಲಿಂಡಾ ವರ್ನರ್ ಮತ್ತು ಸಂಗಡಿಗರು 2000-01ರಲ್ಲಿ ಇದನ್ನು ಪರೀಕ್ಷಿಸಿದರು. ಮೊದಲ ಪ್ರೋಗ್ರಾಮಿಂಗ್ ಕೋರ್ಸಿನ 500ಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಕೆಲವರು ಜೋಡಿಯಾಗಿ, ಉಳಿದವರು ಒಬ್ಬೊಬ್ಬರೇ ಕಲಿತರು. ಜೋಡಿಯವರಲ್ಲಿ ನೂರಕ್ಕೆ ಸುಮಾರು 91 ಮಂದಿ ಕೊನೆಯ ಪರೀಕ್ಷೆ ಬರೆದರು. ಒಂಟಿಯಾಗಿ ಕಲಿತವರಲ್ಲಿ ಸುಮಾರು 80.

'ಒಬ್ಬ ಕಲೀತಾನೆ, ಇನ್ನೊಬ್ಬ ಪುಕ್ಕಟೆ ಪಾಸಾಗ್ತಾನೆ' ಅನ್ನೋ ಅನುಮಾನಕ್ಕೂ ಉತ್ತರ ಸಿಕ್ಕಿತು. ಪರೀಕ್ಷೆಯನ್ನು ಒಬ್ಬೊಬ್ಬರೇ ಬರೆದರೂ ಜೋಡಿಯವರ ಅಂಕ ಕಮ್ಮಿಯಾಗಲಿಲ್ಲ. ವರ್ಷದ ನಂತರ ಕಂಪ್ಯೂಟರನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡವರೂ ಜೋಡಿ ಗುಂಪಿನಲ್ಲೇ ಜಾಸ್ತಿ. ಹುಡುಗಿಯರಲ್ಲೂ ಅಷ್ಟೇ, ಹುಡುಗರಲ್ಲೂ ಅಷ್ಟೇ.

ಇದರಲ್ಲಿ ಮಾಯ ಮಂತ್ರ ಏನಿಲ್ಲ. ಹೊಸಬರು ಬರೆದ ಪ್ರೋಗ್ರಾಂ ಒಂದೇ ಸಲಕ್ಕೆ ಓಡೋದು ಅಪರೂಪ. ಪರದೆ ಮೇಲೆ ಎರರ್ ಬಂದಾಗ ಒಂಟಿಯಾಗಿ ಕೂತವರಿಗೆ 'ಇದು ನನ್ನ ತಲೆಗೆ ಹತ್ತಲ್ಲ' ಅನಿಸಿಬಿಡುತ್ತೆ. ಪಕ್ಕದವರಿಗೂ ಅದೇ ಎರರ್ ಅರ್ಥ ಆಗ್ತಿಲ್ಲ ಅಂತ ಕಂಡರೆ ಧೈರ್ಯ ಬರುತ್ತೆ.

ಡಿಗ್ರಿ ಮಧ್ಯದಲ್ಲೇ ಬಿಟ್ಟವನಾಗಿ ಒಂದು ಮಾತು. ಫೇಲಾದವರನ್ನು ಎಲ್ಲರೂ ಕೇಳ್ತಾರೆ, ಸದ್ದಿಲ್ಲದೆ ಬರೋದು ನಿಲ್ಲಿಸಿದವರನ್ನು ಕೇಳೋರು ಕಮ್ಮಿ. ಅದಕ್ಕೇ 80ಕ್ಕೂ 91ಕ್ಕೂ ನಡುವಿನ ಆ ಹನ್ನೊಂದು ಮಂದಿ ನನಗೆ ಸಣ್ಣ ಲೆಕ್ಕ ಅಲ್ಲ.

ಹಾಗಂತ ಕಂಪ್ಯೂಟರ್ ಸಾಲದೆ ಇಬ್ಬರನ್ನು ಕೂರಿಸೋದೆಲ್ಲ ಪೇರ್ ಪ್ರೋಗ್ರಾಮಿಂಗ್ ಆಗಲ್ಲ. ಇಡೀ ಸೆಮಿಸ್ಟರ್ ಒಬ್ಬರೇ ಟೈಪ್ ಮಾಡಿ ಇನ್ನೊಬ್ಬರು ರೆಕಾರ್ಡಿಗೆ ಕಾಪಿ ಮಾಡ್ಕೊಂಡರೆ ಯಾರಿಗೂ ಲಾಭ ಇಲ್ಲ. ಜಾಗ ಬದಲಾಗುತ್ತಾ ಅಂತ ಲ್ಯಾಬಲ್ಲಿ ಮೇಷ್ಟ್ರು ನೋಡಬೇಕು. ಮನೆಯಲ್ಲಿ ಪೋಷಕರು ಕೇಳಬೇಕಾದ ಪ್ರಶ್ನೆ ಇನ್ನೂ ಸುಲಭ: 'ಇವತ್ತು ಕೀಬೋರ್ಡ್ ನಿನ್ನ ಕೈಗೆ ಬಂತಾ?'