ಜನಾಂಗವೋ, ಜೀವನಸ್ಥಿತಿಯೋ?

ಪುರುಷರ ನಿಮಿರು ದೌರ್ಬಲ್ಯವು ಯಾವ ಜನಾಂಗದಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬ ಪ್ರಶ್ನೆಯನ್ನು ಅಮೆರಿಕದ ಸಂಶೋಧಕರು ಹಲವು ಬಾರಿ ಕೈಗೆತ್ತಿಕೊಂಡಿದ್ದಾರೆ. ವಿಷಯವು ಸಂಕೋಚದ್ದೆಂದು ನಮ್ಮ ತರುಣ ವಾಚಕರು ಪುಟವನ್ನು ಮಗುಚಬೇಕಾಗಿಲ್ಲ. ಹೃದಯ, ಮೂತ್ರಪಿಂಡಗಳ ರೋಗಗಳನ್ನು ಕುರಿತು ಮಾತನಾಡುವಂತೆಯೇ ಇದನ್ನು ಕುರಿತೂ ನಿರ್ವಿಕಾರವಾಗಿ ಮಾತನಾಡುವುದು ವಿಜ್ಞಾನಕ್ಕೆ ಭೂಷಣ.

ನಿಮಿರುವಿಕೆಯು ಮುಖ್ಯವಾಗಿ ರಕ್ತಪ್ರವಾಹದ ಕಾರ್ಯ. ನರಗಳ ತುದಿಗಳೂ ರಕ್ತನಾಳಗಳ ಒಳಪದರವೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಸೂಸುತ್ತವೆ. ಆಗ ನಾಳಗಳ ಸ್ನಾಯುಗಳು ಸಡಿಲಗೊಂಡು ರಕ್ತವು ತುಂಬಿಕೊಳ್ಳುತ್ತದೆ. ರಕ್ತನಾಳಗಳಲ್ಲಿ ಈ ಅನಿಲವು ಸಂಕೇತವಾಹಕವೆಂಬುದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ಸಿಹಿಮೂತ್ರರೋಗ, ಅಧಿಕ ರಕ್ತದೊತ್ತಡ, ಧೂಮಪಾನಗಳು ಈ ಒಳಪದರವನ್ನು ಕೆಡಿಸುತ್ತವೆ. ಆ ಅಂಗದ ನಾಳಗಳು ಹೃದಯದ ನಾಳಗಳಿಗಿಂತ ಕಿರಿದಾದುದರಿಂದ ಕೆಡುಕು ಅಲ್ಲಿಯೇ ಮೊದಲು ತಲೆದೋರಬಹುದು. ಎಷ್ಟೋ ಸಂದರ್ಭಗಳಲ್ಲಿ ಈ ದೌರ್ಬಲ್ಯವು ಮುಂಬರುವ ಹೃದ್ರೋಗದ ಮುನ್ಸೂಚನೆ.

ಇನ್ನು ಅಂಕಿಗಳನ್ನು ನೋಡೋಣ. 2002ರಿಂದ 2005ರವರೆಗೆ ಬಾಸ್ಟನ್ ನಗರದಲ್ಲಿ 30ರಿಂದ 79 ವರ್ಷ ವಯಸ್ಸಿನ 2,301 ಪುರುಷರ ಸಮೀಕ್ಷೆ ನಡೆಯಿತು. ಸುಮಾರು ಐವರಲ್ಲಿ ಒಬ್ಬರಿಗೆ ಈ ತೊಂದರೆ ಇದ್ದಿತು. ಕಪ್ಪು ಜನಾಂಗದವರಲ್ಲಿಯೂ, ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರಾದ ಹಿಸ್ಪಾನಿಕರಲ್ಲಿಯೂ ಬಿಳಿಯರಿಗಿಂತ ಅದು ಹೆಚ್ಚಾಗಿ ಕಂಡಿತು. ಇಲ್ಲಿಗೇ ನಿಂತಿದ್ದರೆ ಇದು ಜನಾಂಗದ ಗುಣವೆಂದು ಯಾರಾದರೂ ತೀರ್ಮಾನಿಸಿಬಿಡುತ್ತಿದ್ದರು. ಆದರೆ ಸಂಶೋಧಕರು ವರಮಾನವನ್ನೂ ವಿದ್ಯಾಭ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಸಮಾನ ಸ್ಥಿತಿಯವರನ್ನು ಸಮಾನ ಸ್ಥಿತಿಯವರೊಡನೆ ಹೋಲಿಸಿದರು. ಆಗ ಜನಾಂಗಗಳ ನಡುವಣ ಅಂತರವು ಅಳಿಸಿಹೋಯಿತು. ಬಡತನದ ಪ್ರಭಾವ ಮಾತ್ರ ಉಳಿಯಿತು. ಈ ಫಲಿತಾಂಶ ಪ್ರಕಟವಾದುದು 2008ರಲ್ಲಿ.

ಎಲ್ಲ ಸಮೀಕ್ಷೆಗಳೂ ಒಂದೇ ಮಾತನ್ನು ಹೇಳಿಲ್ಲವೆಂಬುದೂ ನಿಜ. 2001–02ರ ರಾಷ್ಟ್ರೀಯ ಸಮೀಕ್ಷೆಯನ್ನು ಆಧರಿಸಿ 2006ರಲ್ಲಿ ಹೊರಬಂದ ವಿಶ್ಲೇಷಣೆಯೊಂದರಲ್ಲಿ, ಇತರ ಕಾರಣಗಳನ್ನು ಗಣಿಸಿದ ಮೇಲೂ ಹಿಸ್ಪಾನಿಕರಲ್ಲಿ ಪ್ರಮಾಣವು ಹೆಚ್ಚಾಗಿಯೇ ಉಳಿದಿತ್ತು. ಆದರೂ ಉಳಿದ ಅಂತರವೆಲ್ಲ ಹುಟ್ಟಿನಿಂದ ಬಂದುದೆಂದು ಹೇಳಲು ಅದಷ್ಟೇ ಸಾಲದು. ಚಿಕಿತ್ಸೆಯ ಅಭಾವ, ದುಡಿಮೆಯ ಆಯಾಸ, ಮನಸ್ಸಿನ ಚಿಂತೆ ಮುಂತಾದವು ಪ್ರಶ್ನಾವಳಿಯಲ್ಲಿ ಪೂರ್ತಿಯಾಗಿ ಸಿಕ್ಕಿಬೀಳುವಂಥವಲ್ಲ.

ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ಚರ್ಚೆಯಲ್ಲ. ದೌರ್ಬಲ್ಯವು ಜನಾಂಗದ ಹಣೆಬರಹವೆಂದು ವೈದ್ಯನು ಭಾವಿಸಿದರೆ, ರೋಗಿಯ ರಕ್ತದಲ್ಲಿನ ಸಕ್ಕರೆಯನ್ನಾಗಲಿ ರಕ್ತದೊತ್ತಡವನ್ನಾಗಲಿ ಪರೀಕ್ಷಿಸುವ ಗೋಜಿಗೆ ಹೋಗದಿರಬಹುದು. ತಡೆಯಬಹುದಾಗಿದ್ದ ಹೃದಯಾಘಾತವು ಹಾಗೆಯೇ ಬಂದೆರಗಬಹುದು. ಆದುದರಿಂದ ಜನಾಂಗಗಳ ಹೆಸರಿನಲ್ಲಿ ರೋಗಗಳ ಅಂಕಿಗಳನ್ನು ಯಾರೇ ಮುಂದಿಟ್ಟರೂ, ಆ ಜನರ ವಯಸ್ಸೆಷ್ಟು, ವರಮಾನವೆಷ್ಟು, ಅವರಿಗೆ ವೈದ್ಯರು ದೊರೆಯುತ್ತಿದ್ದರೇ ಎಂದು ನಮ್ಮ ವಿದ್ಯಾರ್ಥಿಗಳು ಮೊದಲು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.